ಸೆಂಡೈಗೆ ಹೋಗುವವರಿಗೆ: ಕೋಟೆ ಇಲ್ಲ, ಕುದುರೆ ಇದೆ

ಜಪಾನಿನ ಹಿಮೇಜಿ ಕೋಟೆ ನೋಡಿದವರು ಅದೇ ದೇಶದ ಸೆಂಡೈ ಊರಿನಲ್ಲೂ ಅಂಥದ್ದೇ ಬಿಳಿ ಕೋಟೆ ಹುಡುಕಿದರೆ ನಿರಾಸೆ ಗ್ಯಾರಂಟಿ. ಬೆಟ್ಟದ ಮೇಲೆ ಇರುವುದು ಕಲ್ಲಿನ ಗೋಡೆ, ಒಂದು ದೇವಸ್ಥಾನ, ಅಂಗಡಿಗಳು, ಮತ್ತೆ ಕುದುರೆ ಏರಿ ಕೂತ ದಾತೆ ಮಸಾಮುನೆಯ ಪ್ರತಿಮೆ. ಕೋಟೆ ಕಟ್ಟಿಸಿದ ಪಾಳೇಗಾರ ಅವನೇ. ಎತ್ತರದ ಗೋಪುರವನ್ನು ಅವನು ಕಟ್ಟಿಸಲೇ ಇಲ್ಲ. ಉಳಿದಿದ್ದ ಹೆಬ್ಬಾಗಿಲೂ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಫೋಟೋಗಳಲ್ಲಿ ಬರೀ ಕುದುರೆ ಕಾಣುತ್ತದಲ್ವಾ, ಕಾರಣ ಇದೇ.

ಪ್ರತಿಮೆ ಮಾತ್ರ ನೋಡುವಂಥದ್ದು. ಕತ್ತು ನೋಯುವಷ್ಟು ಎತ್ತರದಲ್ಲಿದೆ. ಶಿರಸ್ತ್ರಾಣದ ಅರ್ಧಚಂದ್ರವನ್ನು ಸರಿಯಾಗಿ ನೋಡಿ, ಒಂದು ತುದಿ ಇನ್ನೊಂದಕ್ಕಿಂತ ಗಿಡ್ಡ. ಕತ್ತಿ ಬೀಸುವಾಗ ತಾಗದಿರಲಿ ಅಂತ ಹಾಗೆ ಮಾಡಿದ್ದಂತೆ. 1935ರ ಮೂಲ ಪ್ರತಿಮೆಯನ್ನು ಯುದ್ಧಕಾಲದಲ್ಲಿ ಲೋಹಕ್ಕಾಗಿ ಒಯ್ದರು. ಈಗಿರುವುದು 1964ರದ್ದು. 2022ರ ಭೂಕಂಪದಲ್ಲಿ ವಾಲಿ, ರಿಪೇರಿಯಾಗಿ ಮರುವರ್ಷ ವಾಪಸ್ ಬಂದಿದೆ.

ಸೆಂಡೈ ರೈಲು ಸ್ಟೇಷನ್ನಿಂದ ಹೊರಡುವ ಪ್ರವಾಸಿ ಬಸ್ಸು ಹತ್ತಬೇಡಿ. ಅದು ಒಂದೇ ದಿಕ್ಕಿಗೆ ಸುತ್ತುತ್ತದೆ. ಬರುವಾಗ ಊರೆಲ್ಲ ಸುತ್ತಿಸಿಯೇ ಇಳಿಸುತ್ತದೆ. ರಜಾದಿನ ಕಾಲಿಡಲು ಜಾಗವಿರಲಿಲ್ಲ. ಬೆಟ್ಟದ ತಿರುವುಗಳಲ್ಲಿ ಯಾರದೋ ಬ್ಯಾಗು ನನ್ನ ಪಕ್ಕೆಗೆ ಗುದ್ದುತ್ತಲೇ ಇತ್ತು. ಮೆಟ್ರೋ ತೋಜಾಯ್ ಲೈನಿನಲ್ಲಿ ಇಂಟರ್‌ನ್ಯಾಷನಲ್ ಸೆಂಟರ್ ಸ್ಟೇಷನ್ನಿಗೆ ಹೋಗಿ ನಡೆದುಬಿಡಿ. ಏರು ಇದೆ, ಮಂಡಿನೋವಿನವರು ಟ್ಯಾಕ್ಸಿ ಮಾಡಿ. ಬೆಟ್ಟದ ಬುಡದ ಮ್ಯೂಸಿಯಂ ಅಂಗಳದಲ್ಲಿ ಹಳೆಯ ಪ್ರತಿಮೆಯ ಎದೆಯಿಂದ ಮೇಲಿನ ಭಾಗ ಇಟ್ಟಿದ್ದಾರೆ. ಅಲ್ಲಿ ನೂಕುನುಗ್ಗಲಿಲ್ಲ, ಮುಖ ಹತ್ತಿರದಿಂದ ಕಾಣುತ್ತದೆ. ನನಗೆ ಮೇಲಿನದಕ್ಕಿಂತ ಇದೇ ಹಿಡಿಸಿತು.

ಇನ್ನು ಊಟ. ಊರೆಲ್ಲ ದನದ ನಾಲಿಗೆಯ ಖಾದ್ಯದ ಬೋರ್ಡು. ಸಸ್ಯಾಹಾರಿಗಳು ರೈಲು ಸ್ಟೇಷನ್ನಿನ ಮೂರನೇ ಮಹಡಿಗೆ ಹೋಗಿ ಜುಂಡಾ ಮೋಚಿ, ಅಂದರೆ ಹಸಿರು ಸಿಹಿ ಹೂರಣ ಹಾಕಿದ ಅಕ್ಕಿ ಉಂಡೆ ತಿನ್ನಿ. ಎಳೆ ಸೋಯಾಕಾಳು ಬೇಯಿಸಿ, ಸಿಪ್ಪೆ ತೆಗೆದು, ಸಕ್ಕರೆ ಹಾಕಿ ತರಿತರಿಯಾಗಿ ಕುಟ್ಟಿರುತ್ತಾರೆ. ನಮ್ಮ ಹೋಳಿಗೆ ಹೂರಣ ಹಸಿರಾದಂತೆ! ಕೆಳಗೆ ಬಿಸಿ ಮೃದು ಅಕ್ಕಿ ಮೋಚಿ. ಸಿಹಿ ಹದವಾಗಿ, ಕೊನೆಗೆ ಚೂರು ಉಪ್ಪು ನಾಲಿಗೆಗೆ ಸಿಗುತ್ತದೆ. ಜೊತೆಗೆ ಸಕ್ಕರೆಯಿಲ್ಲದ ಹಸಿರು ಚಹಾ. ಒಂದು ಪ್ಲೇಟು ಮುಗಿಸಿ ಸುಮ್ನೆ ಎದ್ದು ಬರಲಾಗದೆ ಇನ್ನೊಂದು ಹೇಳಿದೆ. ಅಷ್ಟಾದರೂ ಬಿಲ್ಲು ಜಾಸ್ತಿಯಾಗಲಿಲ್ಲ.

ಆಗಸ್ಟ್ 6ರಿಂದ 8ರವರೆಗೆ ಇಲ್ಲಿ ತನಾಬಾತಾ ಅನ್ನುವ ನಕ್ಷತ್ರಗಳ ಹಬ್ಬ. ಆಗ ರೂಮಿನ ಬಾಡಿಗೆ ಕೇಳಬೇಡಿ. ನಾನು ಸುರಿದ ದುಡ್ಡಿಗೆ ಸಿಕ್ಕಿದ್ದು, ಸೂಟ್‌ಕೇಸನ್ನು ಹಾಸಿಗೆ ಮೇಲಿಟ್ಟೇ ತೆರೆಯಬೇಕಾದ ಗೂಡು. ಟೋಕಿಯೋದಿಂದ ಹಾಯಾಬುಸಾ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ ದಾರಿ ಅಷ್ಟೆ. ಎಲ್ಲ ಸೀಟೂ ರಿಸರ್ವ್, ಮೊದಲೇ ಟಿಕೆಟ್ ಮಾಡಿಸಿ, ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಿ.