ದುಡ್ಡು ಕೊಟ್ಟು ತಂದ ನೀರು

ಶನಿವಾರದಿಂದ ಒಂದೇ ಸದ್ದು ಕಿವಿಯಲ್ಲಿ. ದೊಬ್, ದೊಬ್. ಅಮ್ಮ ಎರಡು ಸೀಳು ಸೌದೆ ಎತ್ತಿಕೊಂಡು ಒಂದಕ್ಕೊಂದು ಬಡಿದಳು, ಕಿವಿ ಓರೆ ಮಾಡಿ ಕೇಳಿದಳು, ಆಮೇಲೆ ನನ್ನ ಮುಖ ನೋಡಿದಳು.

"ದುಡ್ಡು ಕೊಟ್ಟು ನೀರು ತಂದಿದೀಯಲ್ಲೋ ಮಾರಾಯ!"

ನಾಲ್ಕು ಕಾರ್ಡ್ ಬರ್ಚ್ ಮರದ ಸೌದೆ. ಇಲ್ಲಿ ಅಮೆರಿಕದ ಉತ್ತರ ಮಿನ್ನೆಸೋಟದಲ್ಲಿ ಅಳತೆ ಕಾರ್ಡ್ ಲೆಕ್ಕದಲ್ಲಿ. ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಒಟ್ಟು 128 ಘನ ಅಡಿ. ಎರಡು ವಾರಾಂತ್ಯ ಸೊಂಟ ಮುರಿದುಕೊಂಡು ಒಟ್ಟಿದ್ದೆ, ಅಂಚು ದಾರ ಹಿಡಿದಷ್ಟು ನೇರ. ಫೋಟೊ ತೆಗೆದು ಬೆಂಗಳೂರಿನ ಅಣ್ಣನಿಗೆ ಕಳಿಸಿದರೆ "ಸೂಪರ್" ಅಂದ. ಅವನಿಗೆ ಎಲ್ಲವೂ ಸೂಪರ್ರೇ.

ಮಾರಿದವನು "ಚೆನ್ನಾಗಿ ಒಣಗಿದೆ" ಅಂದಿದ್ದಷ್ಟೇ ಅಲ್ಲ, ಲೈಟರ್ ಹಚ್ಚಿಯೂ ತೋರಿಸಿದ್ದ. ತೊಗಟೆ ಭುಗ್ಗೆಂದು ಹತ್ತಿತ್ತು. ಬರ್ಚ್ ತೊಗಟೆಯಲ್ಲಿ ಎಣ್ಣೆಯಂಥ ಅಂಶ ಇರುತ್ತದೆ, ಒದ್ದೆಯಾಗಿದ್ದರೂ ಹತ್ತುತ್ತದೆ. ಅದೇ ತೊಗಟೆ ಒಳಗಿನ ನೀರು ಹೊರಗೆ ಹೋಗದ ಹಾಗೆ ತಡೆಯುತ್ತದೆ ಕೂಡ. ಇದು ನನಗೆ ಆಮೇಲೆ ತಿಳಿಯಿತು. ಅವನಿಗೆ ಮೊದಲೇ ತಿಳಿದಿತ್ತು ಅಂತ ನನ್ನ ಗುಮಾನಿ.

ಹಸಿ ಸೌದೆ ಇಲ್ಲಿ ತಮಾಷೆಯ ಮಾತಲ್ಲ. ನಮ್ಮಿಂದ ಸ್ವಲ್ಪ ದೂರದ ಟವರ್ ಎಂಬ ಊರಲ್ಲಿ 1996ರ ಫೆಬ್ರುವರಿ 2ರಂದು ಮೈನಸ್ 51 ಡಿಗ್ರಿ ಆಗಿತ್ತು, ರಾಜ್ಯದ ದಾಖಲೆ ಅದು. ಹಸಿ ಸೌದೆ ಹಾಕಿದರೆ ಬೆಂಕಿಯ ಶಕ್ತಿ ಎಷ್ಟೋ ನೀರು ಕಾಯಿಸುವುದಕ್ಕೇ ಹೋಗುತ್ತದೆ. ಹೊಗೆ ಚಿಮಣಿಯಲ್ಲಿ ತಣ್ಣಗಾಗಿ ಟಾರಿನ ಹಾಗೆ ಅಂಟಿಕೊಂಡು, ಒಂದು ದಿನ ಚಿಮಣಿಯೇ ಹೊತ್ತಿಕೊಳ್ಳಬಹುದು.

ಅಷ್ಟರಲ್ಲಿ ಆಚೆಮನೆ ಅಜ್ಜ ಬಂದ. ಆಚೆಮನೆ ಅಂದರೆ ಅರ್ಧ ಮೈಲಿ. ಗಣಿ ಕೆಲಸಕ್ಕೆಂದು ಫಿನ್ಲೆಂಡಿನಿಂದ ಬಂದವರ ಮೊಮ್ಮಗ. ಮಾತಿಗೆ ದುಡ್ಡು ಬೀಳುತ್ತದೆ ಅನ್ನುವ ಹಾಗೆ ಬದುಕಿದವನು. ಆರು ವರ್ಷದಲ್ಲಿ ನನ್ನ ಜೊತೆ ಆಡಿದ್ದನ್ನೆಲ್ಲ ಸೇರಿಸಿದರೆ ಒಂದು ಪುಟ ತುಂಬಲಿಕ್ಕಿಲ್ಲ. ಅವನೂ ಸೀದಾ ರಾಶಿಯ ಹತ್ತಿರ ಹೋಗಿ ಎರಡು ಸೀಳು ತೆಗೆದು ಬಡಿದ. ದೊಬ್. ತಲೆ ಅಲ್ಲಾಡಿಸಿದ. ಅಮ್ಮನೂ ತಲೆ ಅಲ್ಲಾಡಿಸಿದಳು. ಇಬ್ಬರು ಡಾಕ್ಟರು ಎಕ್ಸ್‌ರೇ ನೋಡಿ ಕಣ್ಣಲ್ಲೇ ಮಾತಾಡಿಕೊಂಡ ಹಾಗೆ. ನಾನು ರೋಗಿಯ ಕಡೆಯವನು, ಕೈಕಟ್ಟಿ ನಿಂತಿದ್ದೆ.

ಮಧ್ಯಾಹ್ನ ಅವನ ಪಿಕಪ್ ತುಂಬ ಸೌದೆ ಬಂತು, ಎರಡು ಬೇಸಿಗೆ ಕಂಡದ್ದು. ಅಮ್ಮ ಬಡಿದಳು. ಠಣ್! ಕ್ರಿಕೆಟ್ ಬ್ಯಾಟಿಗೆ ಚೆಂಡು ಸರಿಯಾಗಿ ಸಿಕ್ಕಿದಂಥ ಸದ್ದು. ಅಜ್ಜ "ಹ್ಯುವಾ" ಅಂದ.

"ಹೂವು ಅಂದ್ನಾ?"

"ಅಲ್ಲಮ್ಮ, ಅವರ ಭಾಷೇಲಿ ಚೆನ್ನಾಗಿದೆ ಅಂತ."

"ಹೂವು ಅಂತ್ಲೇ ಅಂದಿದ್ದು. ಎತ್ತಿ ನೋಡು, ಎಷ್ಟು ಹಗುರ."

ನಾನು ತೇವ ಅಳೆಯುವ ಮೀಟರ್ ತರಿಸಿದೆ. ಬುಧವಾರ ಬಂತು. ನನ್ನ ಸೌದೆಯ ಸೀಳಿದ ಮೈಗೆ ಅದರ ಮುಳ್ಳು ಚುಚ್ಚಿದರೆ ಶೇಕಡಾ 34 ಅಂತ ತೋರಿಸಿತು. 20ಕ್ಕಿಂತ ಕಡಿಮೆ ಇರಬೇಕು. ಅಮ್ಮನ ಕಿವಿ ಹೇಳಿ ನಾಲ್ಕು ದಿನ ಆಗಿತ್ತು.

ದುಡ್ಡು ಹೋಯಿತು ಅಂತಲ್ಲ ನನ್ನ ಸಂಕಟ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಲೇಬೇಕಿತ್ತು. ಬಚ್ಚಲ ಹಂಡೆಯ ಒಲೆಗೆ ಸೌದೆ ಹೊರುವುದು ನನ್ನ ಕೆಲಸ, ನಾನು ಅತ್ಯಂತ ದ್ವೇಷಿಸಿದ ಕೆಲಸವೂ ಅದೇ. ಹದಿನೆಂಟು ವರ್ಷ ಆ ಕೊಟ್ಟಿಗೆಯಲ್ಲಿ ಈ ಠಣ್, ದೊಬ್ ಕೇಳುತ್ತಲೇ ಇದ್ದಿರಬೇಕು. ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಹೊಗೆ ಬೇಡ ಅಂತ ಇಂಜಿನಿಯರಿಂಗ್ ಓದಿ ಊರು ಬಿಟ್ಟವನು, ಈಗ ಭೂಮಿಯ ಇನ್ನೊಂದು ತುದಿಯಲ್ಲಿ ದುಡ್ಡು ಕೊಟ್ಟು ಹೊಗೆ ಕುಡಿಯುತ್ತಿದ್ದೇನೆ.

ಊರಲ್ಲೀಗ ಗ್ಯಾಸು, ಸೋಲಾರು. ಕೊಟ್ಟಿಗೆಯಲ್ಲಿ ಸ್ಕೂಟರ್ ನಿಂತಿದೆ. ಅಮ್ಮನ ಕಿವಿಗೆ ಅಲ್ಲಿ ಯಾರೂ ಕೆಲಸ ಕೊಟ್ಟಿಲ್ಲ, ನಾವಂತೂ ಫೋನಿನಲ್ಲಿ ಬಿ.ಪಿ. ಮಾತ್ರೆ ತಗೊಂಡ್ಯಾ ಅಂತ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಇಲ್ಲಿ ಒಂದು ಪದ ಅರ್ಥವಾಗದ ಮನುಷ್ಯ, ಗುರುವಾರ ತನ್ನ ಸೌದೆ ಶೆಡ್ಡಿಗೆ ಅವಳನ್ನು ಕರೆದುಕೊಂಡು ಹೋಗಿ ಒಂದೊಂದೇ ಸಾಲು ತೋರಿಸಿದ. ಬೇಟೆಯ ಕಾಲ, ಗುಂಡು ತಪ್ಪಿ ಬಿದ್ದೀತು ಅಂತ ಹೊರಡುವಾಗ ಕಿತ್ತಳೆ ಬಣ್ಣದ ಅಂಗಿ ಹಾಕಿಸಿದ್ದೆ. "ಮಗನೇ ಸನ್ಯಾಸ ಕೊಡಿಸಿದ" ಅಂತ ನಗುತ್ತ ಹೋದಳು. ದಾರಿಯಲ್ಲಿ ಟ್ಯಾಮರಾಕ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗಿ ಸೂಜಿ ಉದುರಿಸುತ್ತಿದ್ದವು. ಪೈನಿನಂಥ ಮರ ಎಲೆ ಉದುರಿಸಿದ್ದು ಕಂಡು, ಸತ್ತಿವೆ ಪಾಪ ಅಂದಳು. ಸತ್ತಿಲ್ಲ, ವಸಂತಕ್ಕೆ ಚಿಗುರುತ್ತವೆ ಅಂದೆ. ಇದೊಂದಾದರೂ ನನಗೆ ಗೊತ್ತಿತ್ತಲ್ಲ.

ನವೆಂಬರ್ ಮೊದಲ ವಾರ ಅಮ್ಮ ಹೊರಡುತ್ತಾಳೆ. ನಾನು ನೇರವಾಗಿ ಒಟ್ಟಿದ್ದ ರಾಶಿಯನ್ನು ಅಷ್ಟರೊಳಗೆ ಪೂರ್ತಿ ಕೆಡವಿ ಎರಡು ಮಾಡುವುದು ಅವಳ ಹಟ. ಬಾಗಿಲ ಹತ್ತಿರದ್ದು ಹೂವು, ಈ ವರ್ಷಕ್ಕೆ. ಹಿಂದಿನದು ನೀರು, ಮುಂದಿನ ವರ್ಷಕ್ಕೆ. ಇವತ್ತು ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಕಾಫಿ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ. ದೊಬ್. ದೊಬ್. ದೊಬ್. ಠಣ್.

"ನಿನ್ನ ರಾಶೀಲೂ ಒಂದು ಹೂವು ಸಿಕ್ತು ಕಣೋ!"