ಮೊಳಕೆ ರಾಗಿ

ಅಕ್ಕನ ಮಗುವಿಗೆ ಆರು ತಿಂಗಳು ತುಂಬಿತು. ಇನ್ನು ರಾಗಿ ಸರಿ ಶುರು. ಕೋಲಾರದ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಈಗ ಒಂದು ಬಟ್ಟೆ ಗಂಟಿನ ಮೇಲೆ.

ಅಮ್ಮ ರಾಗಿ ತೊಳೆದು, ಕಲ್ಲು ಗಾಲಿಸಿ, ರಾತ್ರಿಯೆಲ್ಲ ನೆನೆಸಿ, ಹಳೇ ಪಂಚೆ ತುಂಡಿನಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದಳು. ಬಿಚ್ಚಿದರೆ ಕೆಂಪು ಕಾಳಿನ ತುದಿಯಲ್ಲೆಲ್ಲ ಬಿಳೀ ಎಳೆ. ಕೆಲವಂತೂ ಬಟ್ಟೆಯ ನೂಲಿನ ಸಂದಿಯಲ್ಲೇ ತೂರಿ ಆಚೆ ಬಂದಿದ್ದವು. ಸಾಸಿವೆಗಿಂತ ಚಿಕ್ಕ ಕಾಳಿಗೆ ಎಷ್ಟು ಛಲ ನೋಡಿ!

ಸುಮ್ನೆ ರಾಗಿ ಹಿಟ್ಟನ್ನೇ ಬೇಯಿಸಬಹುದಲ್ವಾ ಅನ್ನುತ್ತಾರೆ. ಬೇಯಿಸಬಹುದು. ಆದರೆ ಮೊಳಕೆಯ ಗುಣವೇ ಬೇರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಕಾಳಿನಲ್ಲೇ ಇರುವ ಫೈಟಿಕ್ ಆಮ್ಲ ಅದನ್ನೂ ಕಬ್ಬಿಣದ ಅಂಶವನ್ನೂ ಮೈಗೆ ಪೂರ್ತಿ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದರೆ ಆ ಹಿಡಿತ ಸಡಿಲವಾಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಸಂಗತಿ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಸ್ವಲ್ಪ ಜಾಸ್ತಿ ಹಾಕಿದರೂ ರಾಗಿ ಸರಿ ಗಂಟಲಲ್ಲಿ ಇಳಿಯುವಷ್ಟು ತೆಳ್ಳಗಿರುತ್ತದೆ. ಪುಟ್ಟ ಹೊಟ್ಟೆಗೆ ಅದೇ ನಾಲ್ಕು ಚಮಚದಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಇದನ್ನೆಲ್ಲ ಓದದೆಯೇ ನಮ್ಮ ಕಡೆ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಅವರ ಮೇಲೆ ಗೌರವ ಉಕ್ಕುತ್ತದೆ.

ಈಗ ಮೊಳಕೆ ನೆರಳಲ್ಲಿ ಒಣಗುತ್ತಿದೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಅವಸರ ಮಾಡುವಂತಿಲ್ಲ. ಆಮೇಲೆ ಹದವಾಗಿ ಹುರಿದು ಮಿಲ್ಲಿಗೆ. ಹಿಂದಿನ ಬೀದಿಯಲ್ಲೂ ಒಂದು ಕೂಸಿದೆ, ಅವರಿಗೂ ಒಂದು ಡಬ್ಬಿ ಅಂತ ಅಮ್ಮ ಆಗಲೇ ಲೆಕ್ಕ ಹಾಕಿದ್ದಾಳೆ. ಮನೆಯಲ್ಲಿ ಪುಟಾಣಿ ಇರುವವರು ಕೇಳಿ, ಅಳತೆ ಬರೆದು ಕಳಿಸುತ್ತೇನೆ.