ಅದೂ ಜಾಹೀರಾತೇ ತಾನೇ ಎನ್ನುವವರಿಗೆ

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಅಮೆರಿಕದ ಸಾರ್ವಜನಿಕ ಟೆಲಿವಿಷನ್ ಪಿಬಿಎಸ್‌ನಲ್ಲಿ ಬಂದ ಹಳೆಯ ವಿಜ್ಞಾನ ಕಾರ್ಯಕ್ರಮಗಳನ್ನು ಜನ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಟೇಪುಗಳನ್ನು ನಾನು ಕೂಡಿಡುತ್ತೇನೆ. ಅವುಗಳಲ್ಲಿ ನನಗೆ ಮುಖ್ಯವಾದದ್ದು ಹಣ ಕೊಟ್ಟವರ ಹೆಸರು ಬರುವ ಆ ಅರ್ಧ ನಿಮಿಷ. ಅದರಲ್ಲೂ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಲೋಗೋ. 1950ರಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ ವಿಜ್ಞಾನಿಗಳಿಗೆ ಸಂಶೋಧನೆಗೆಂದು ಹಣ ಕೊಡುತ್ತದೆ. ಮಕ್ಕಳ ಟಿವಿ ಕಾರ್ಯಕ್ರಮಗಳಿಗೂ ಕೊಟ್ಟಿದೆ. ಪರದೆಯ ಮೇಲೆ ಅದರ ಗುರುತು ದಶಕದಿಂದ ದಶಕಕ್ಕೆ ಹೇಗೆ ಬದಲಾಯಿತು ಎಂಬುದು ನನ್ನ ಆಸಕ್ತಿ. 'ಅದರಲ್ಲಿ ನೋಡುವುದಕ್ಕೆ ಏನಿದೆ' ಎಂದು ಕೇಳಿದರೆ ನನಗೆ ಬೇಸರವಿಲ್ಲ, ತೋರಿಸುತ್ತೇನೆ. 'ಕಡೆಗೆ ಅದೂ ಜಾಹೀರಾತೇ ತಾನೇ' ಎಂದಾಗ ಮಾತ್ರ ಮೈ ಉರಿಯುತ್ತದೆ.

ಒಮ್ಮೆ ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಎಲ್ಲರೆದುರು ಇದನ್ನೇ ಎತ್ತಿದರು. 'ನೋಡಮ್ಮ, ನಮ್ಮೂರ ದೇವಸ್ಥಾನದ ಫ್ಯಾನಿನ ಮೂರೂ ರೆಕ್ಕೆಗೆ ದಾನಿಯ ಹೆಸರು ಬರೆಸಿದ್ದಾರೆ. ಗಾಳಿ ಬೀಸುವಾಗ ಹೆಸರು ಕಾಣುವುದಿಲ್ಲ, ಹೆಸರು ಕಾಣುವಾಗ ಗಾಳಿ ಇಲ್ಲ. ನಿನ್ನ ಲೋಗೋ ಕಥೆಯೂ ಅಷ್ಟೇ.' ಪಂಕ್ತಿ ಪೂರ್ತಿ ನಕ್ಕಿತು. ಮಾತು ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಅಂಕಲ್, ಫ್ಯಾನು ಕೊಟ್ಟವನು ತನ್ನ ಜೇಬಿನಿಂದ ಕೊಟ್ಟ. ಹೆಸರು ಬರೆಸುವುದೂ ಬಿಡುವುದೂ ಅವನ ಇಷ್ಟ. ಫೌಂಡೇಶನ್ ಕೊಡುವ ಹಣ ನೀವು ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಒಪ್ಪಿಸಿ ಕಟ್ಟುವ ತೆರಿಗೆಯದು. ನಿಮ್ಮ ದುಡ್ಡು ಎಲ್ಲಿಗೆ ಹೋಯಿತು ಎಂದು ನಿಮಗೆ ಹೇಳಬೇಕಾದದ್ದು ಅವರ ಕರ್ತವ್ಯ. ಹಣ ಕೊಟ್ಟವರು ಯಾರೆಂದು ಪ್ರೇಕ್ಷಕರಿಗೆ ತಿಳಿಸಲೇಬೇಕು ಎಂದು ಅಮೆರಿಕದ 1934ರ ಸಂವಹನ ಕಾಯ್ದೆಯೇ ಹೇಳುತ್ತದೆ. ಅಂದು ಇಷ್ಟನ್ನೂ ಹೇಳುವ ಮೊದಲೇ ಪಾಯಸ ಬಂತು, ಮಾತು ಬೇರೆ ಕಡೆ ತಿರುಗಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲೋಗೋ ಬದಲಾದದ್ದು ಯಾರದೋ ಶೋಕಿಗಾಗಿ ಎಂದು ತಿಳಿಯಬೇಡಿ. ಮೊದಮೊದಲು ಸಾರ್ವಜನಿಕ ವಾಹಿನಿಗಳಲ್ಲಿ ದಾನಿಗಳದು ಬರೀ ಹೆಸರು: ಖಾಲಿ ಹಿನ್ನೆಲೆ, ಅದರ ಮೇಲೆ ಅಕ್ಷರ, ಅದನ್ನು ಓದುವ ಒಂದು ದನಿ. 1981ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆಗೆ ಹೊಸ ಕಲಮು ಸೇರಿಸಿತು. ಸಂಸ್ಥೆಯ ಚಿಹ್ನೆಯನ್ನು ತೋರಿಸಬಹುದು, ಆದರೆ ಗುರುತು ಹೇಳುವುದಕ್ಕೆ ಮಾತ್ರ. ಸರಕನ್ನು ಹೊಗಳುವ ಹಾಗಿಲ್ಲ. ಜಾಹೀರಾತಿಗೆ ನಿಷೇಧ ಹಾಕಿದ್ದೂ ಅದೇ ವರ್ಷ, ಅದರ ಪಕ್ಕದ ಕಲಮಿನಲ್ಲಿ. 1984ರಲ್ಲಿ ಪ್ರಸಾರದ ಮೇಲೆ ನಿಗಾ ಇಡುವ ಸರ್ಕಾರಿ ಸಂವಹನ ಆಯೋಗ ನಿಯಮವನ್ನು ಇನ್ನಷ್ಟು ಸಡಿಲಿಸಿದ ಮೇಲೆ ಘೋಷವಾಕ್ಯಗಳಿಗೂ ದಾರಿಯಾಯಿತು. ಆಮೇಲೆ ಕಂಪ್ಯೂಟರ್ ಗ್ರಾಫಿಕ್ಸ್ ಬಂದು, ನಿಂತಲ್ಲೇ ನಿಂತಿದ್ದ ಚಿಹ್ನೆಗಳಿಗೆ ಚಲನೆ ಕೊಟ್ಟಿತು. ಹೊಸ ಶತಮಾನದ ಹೊತ್ತಿಗೆ ಫೌಂಡೇಶನ್‌ನ ಹೆಸರಿನ ಜೊತೆ 'ಭವಿಷ್ಯಕ್ಕೆ ಅಮೆರಿಕದ ಹೂಡಿಕೆ' ಎಂಬ ಅರ್ಥದ ಸಾಲು ಕೇಳುತ್ತಿತ್ತು, ಆಮೇಲೆ 'ಆವಿಷ್ಕಾರಗಳು ಆರಂಭವಾಗುವ ತಾಣ' ಎಂಬ ಅರ್ಥದ್ದು.

ಆ ಚಿಹ್ನೆಯನ್ನು ಒಮ್ಮೆ ಟೇಪ್ ನಿಲ್ಲಿಸಿ ನೋಡಿ. ನಡುವೆ ಭೂಗೋಳ, ಅದರ ಮೇಲೆ ಎನ್‌ಎಸ್‌ಎಫ್ ಎಂಬ ಬಿಳಿಯ ಮೂರು ಅಕ್ಷರ, ಸುತ್ತಲೂ ಚಿನ್ನದ ಬಣ್ಣದ ಅಂಚು. ಹಳೆಯ ಟೇಪಿನಲ್ಲಿ ಬಣ್ಣ ಕದಡಿ ಅಂಚು ಬರೀ ಹಲ್ಲುಹಲ್ಲಾಗಿ ಕಾಣುತ್ತದೆ. ಯಂತ್ರದ ಚಕ್ರ ಎನ್ನುವವರಿದ್ದಾರೆ, ಸೂರ್ಯ ಎನ್ನುವವರೂ ಇದ್ದಾರೆ. ಸ್ಪಷ್ಟವಾದ ಪ್ರತಿಯಲ್ಲಿ ನೋಡಿದರೆ ಅವು ಭೂಮಿಯ ಸುತ್ತ ಕೈಗೆ ಕೈ ಸೇರಿಸಿ ನಿಂತ ಪುಟ್ಟ ಮನುಷ್ಯರು. ಮೊದಲ ಸಲ ಅದು ಕಂಡಾಗ ನನಗಾದ ಸಂತೋಷವನ್ನು ಯಾರು ಏನೆಂದರೂ ಬಿಟ್ಟುಕೊಡುವುದಿಲ್ಲ.

ಜಾಹೀರಾತು ಎನ್ನುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅನುದಾನ ಪಡೆದವರು ಫೌಂಡೇಶನ್‌ನ ನೆರವನ್ನು ನೆನೆಯಬೇಕು, ಜೊತೆಗೆ 'ಇಲ್ಲಿನ ಅಭಿಪ್ರಾಯಗಳು ಫೌಂಡೇಶನ್‌ನ ಅಭಿಪ್ರಾಯಗಳೇ ಆಗಿರಬೇಕಿಲ್ಲ' ಎಂದೂ ಹೇಳಬೇಕು ಎಂಬುದು ಅದರ ಷರತ್ತು. ಹೀಗೆ ಹೇಳಿಸುವ ಸೋಪಿನ ಕಂಪನಿ ಇದ್ದರೆ ತೋರಿಸಿ.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. ಆ ಹಣದಿಂದ ಏನಾಯಿತು? ಇದನ್ನು ಒಬ್ಬರೂ ಕೇಳುವುದಿಲ್ಲ. 1980ರ ಜನವರಿಯಲ್ಲಿ 'ತ್ರೀ-ಟು-ಒನ್ ಕಾಂಟ್ಯಾಕ್ಟ್' ಎಂಬ ವಿಜ್ಞಾನ ಕಾರ್ಯಕ್ರಮ ಶುರುವಾಯಿತು, 8ರಿಂದ 12 ವರ್ಷದ ಮಕ್ಕಳಿಗೆಂದೇ. ವಿಜ್ಞಾನ ತಮ್ಮದಲ್ಲ ಎಂದು ದೂರ ಸರಿಯುತ್ತಿದ್ದ ಹುಡುಗಿಯರನ್ನೂ ಬಿಳಿಯರಲ್ಲದ ಮಕ್ಕಳನ್ನೂ ಸೆಳೆಯುವುದು ಅದರ ಗುರಿಗಳಲ್ಲಿ ಒಂದು. ಮೊದಲ ಸರಣಿಯನ್ನು ನಡೆಸಿಕೊಟ್ಟ ಲೀಸಾ, ಮಾರ್ಕ್, ಟ್ರಿನಿ ಮೂವರಲ್ಲಿ ಇಬ್ಬರು ಹುಡುಗಿಯರು. 1987ರಲ್ಲಿ ಗಣಿತಕ್ಕೆಂದು 'ಸ್ಕ್ವೇರ್ ಒನ್ ಟಿವಿ', 1993ರಲ್ಲಿ ಬಿಲ್ ನೈ ಎಂಬಾತ ನಡೆಸಿಕೊಟ್ಟ ವಿಜ್ಞಾನ ಕಾರ್ಯಕ್ರಮ, ಮರುವರ್ಷ 'ದ ಮ್ಯಾಜಿಕ್ ಸ್ಕೂಲ್ ಬಸ್', 2002ರಲ್ಲಿ 'ಸೈಬರ್‌ಚೇಸ್'. ಎಲ್ಲದರ ಹಿಂದೆಯೂ ಫೌಂಡೇಶನ್‌ನ ಹಣವಿದೆ. ಕೇಳಿದವರಿಗೆಲ್ಲ ಸುಮ್ಮನೆ ಎತ್ತಿ ಕೊಟ್ಟದ್ದಲ್ಲ ಅದು. ಅರ್ಜಿಗಳನ್ನು ವಿಷಯ ಬಲ್ಲವರು ಓದಿ ತೂಗುತ್ತಾರೆ. ನೋಡಿದವರು ನಿಜಕ್ಕೂ ಕಲಿತರೇ ಎಂದು ಹೇಗೆ ಅಳೆಯುತ್ತೀರಿ ಎಂಬುದಕ್ಕೂ ಅರ್ಜಿಯಲ್ಲಿ ಉತ್ತರ ಇರಬೇಕು. ಲೋಗೋ ಮೂರು ಸೆಕೆಂಡು ಬಂದು ಹೋಗುವುದರ ಹಿಂದೆ ಇಷ್ಟು ಕೆಲಸ ನಡೆದಿರುತ್ತದೆ.

2025ರಲ್ಲಿ ಫೌಂಡೇಶನ್ ತಾನೇ ಮಂಜೂರು ಮಾಡಿದ್ದ ಅನುದಾನಗಳನ್ನು ನೂರಾರು ಸಂಖ್ಯೆಯಲ್ಲಿ ರದ್ದು ಮಾಡಿತು. ಅದೇ ವರ್ಷದ ಜುಲೈನಲ್ಲಿ ಸಾರ್ವಜನಿಕ ಪ್ರಸಾರಕ್ಕೆಂದು ತೆಗೆದಿರಿಸಿದ್ದ ಸುಮಾರು 110 ಕೋಟಿ ಡಾಲರನ್ನು ಸಂಸತ್ತು ಹಿಂದಕ್ಕೆ ಪಡೆಯಿತು; ಆ ಹಣವನ್ನು ಹಂಚುತ್ತಿದ್ದ ನಿಗಮ ಮರುತಿಂಗಳೇ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. ಅಂದು ಯುಗಾದಿ ಪಂಕ್ತಿಯಲ್ಲಿ ನಕ್ಕವರಲ್ಲಿ ಕೆಲವರ ಮಕ್ಕಳು ಬಿಲ್ ನೈಯನ್ನು ನೋಡುತ್ತಲೇ ಬೆಳೆದವರು. ಆ ಕಾರ್ಯಕ್ರಮ ಬಿಟ್ಟಿಯಾಗಿ ಮನೆಗೆ ಬಂದದ್ದಲ್ಲ ಎಂಬುದಕ್ಕೆ ಸಾಕ್ಷಿ ಆ ಅರ್ಧ ನಿಮಿಷದಲ್ಲೇ ಇದೆ. ಅದನ್ನೇ ಡಿವಿಡಿಯಲ್ಲೂ ಅಂತರ್ಜಾಲದ ಪ್ರತಿಗಳಲ್ಲೂ ಎಷ್ಟೋ ಸಲ ಕತ್ತರಿಸಿಬಿಡುತ್ತಾರೆ. ಮನೆಯಲ್ಲಿ ಟಿವಿಯಿಂದ ನೇರ ರೆಕಾರ್ಡ್ ಮಾಡಿದ ಟೇಪಿನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಹಾಗಾಗಿ ನಿಮ್ಮ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಅಂಥ ವಿಎಚ್‌ಎಸ್ ಟೇಪುಗಳ ಪೆಟ್ಟಿಗೆ ಇದ್ದರೆ ಕಸಕ್ಕೆ ಹಾಕಬೇಡಿ, ನನಗೆ ತಿಳಿಸಿ. ಬಂದು ತೆಗೆದುಕೊಂಡು ಹೋಗುತ್ತೇನೆ. ಕಾರ್ಯಕ್ರಮದ ನಡುವೆ ನಿಮ್ಮ ಮಗುವಿನ ಹುಟ್ಟುಹಬ್ಬ ರೆಕಾರ್ಡ್ ಆಗಿದ್ದರೆ ಅದರ ಪ್ರತಿಯನ್ನೂ ಮಾಡಿಕೊಡುತ್ತೇನೆ.